ಮೈಕಿನಲ್ಲಿ ಕೇಳಿದ ಅವ್ವನ ಹೆಸರು

ರಾಚವ್ವ ಮುಂಬಯಿಯ ಬೈಕುಲ್ಲಾದ ಒಂದು ಬಾಲಿಕಾಶ್ರಮದಲ್ಲಿ ಅಡುಗೆಯವಳು. ಕಲಬುರ್ಗಿ ಕಡೆಯವಳು. ಕಟ್ಟಡದ ಕೆಲಸದಲ್ಲಿ ಗಂಡ ಬಿದ್ದು ಸತ್ತ ಮೇಲೂ ಊರಿಗೆ ಹೋಗದೆ ಆಂಟಾಪ್ ಹಿಲ್‌ನ ಖೋಲಿಯಲ್ಲೇ ಉಳಿದಿದ್ದಳು. ಕಾಮಾಠಿಪುರದ ವೇಶ್ಯಾಗೃಹಗಳಿಂದ ಪೊಲೀಸರು ಬಿಡಿಸಿ ತಂದ ಹುಡುಗಿಯರಿಗಾಗಿ ಆ ಆಶ್ರಮ ತೆರೆದವಳು ಹಿಂದಿ ಚಿತ್ರನಟಿ ನೀಲಪ್ರಭಾ. ಬಂದಾಗಲೆಲ್ಲ ಅವಳು ಅಡುಗೆಮನೆಯ ನೆಲದ ಮೇಲೆ ಕೂತು, "ಮೌಸಿ, ಚಹಾ ಕೊಡು" ಎನ್ನುತ್ತಿದ್ದಳು. ಅಷ್ಟು ದೊಡ್ಡ ನಟಿ ತನ್ನನ್ನು ಚಿಕ್ಕಮ್ಮ ಎನ್ನುವುದನ್ನು ರಾಚವ್ವ ಚಾಳಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಎಪ್ಪತ್ಮೂರರ ಮಳೆಗಾಲದಲ್ಲಿ ಸೋಮವ್ವ ಬಂದಳು. ಇನ್ನೂ ಲಂಗ ಉಡುವ ವಯಸ್ಸು. ಕನ್ನಡ ಬಿಟ್ಟು ಬೇರೆ ಮಾತು ಬಾರದು. ಯಾರ ಜೊತೆಯೂ ಬಾಯಿ ಬಿಡಳು. ರಾಚವ್ವ ರೊಟ್ಟಿ ಬಡಿಯುವಾಗ ಮಾತ್ರ ಹತ್ತಿರ ಬಂದು ಕೂರುತ್ತಿದ್ದಳು.

"ಅವಳ ಕಥೆ ಕೇಳಿಕೊಡು ಮೌಸಿ," ಎಂದಳು ನೀಲಪ್ರಭಾ ಹಿಂದಿಯಲ್ಲಿ. "ನನ್ನ ಹೊಟ್ಟೆಯೊಳಗೇ ಇರುತ್ತದೆ. ನಿನ್ನಾಣೆ."

ರಾಚವ್ವ ಹುಡುಗಿಯ ತಲೆ ಸವರಿದಳು. "ನೀಲಪ್ರಭಾಬಾಯಿ ಭಾಳ ಛಲೋ ಹೆಣ್ಮಗಳು. ಹೇಳವ್ವ, ಯಾರಿಗೂ ಗೊತ್ತಾಗಂಗಿಲ್ಲ."

ಸೋಮವ್ವ ಹೇಳಿದಳು. ಭಾಂಡೆ ತೊಳೆಯುವ ಕೆಲಸ ಕೊಡಿಸುತ್ತೇನೆಂದು ಸೋದರಮಾವ ರೈಲು ಹತ್ತಿಸಿದ್ದು, ಯಾವುದೋ ಮನೆಯಲ್ಲಿ ಬಿಟ್ಟು ಹಿಂದಿರುಗಿ ನೋಡದೆ ಹೋಗಿದ್ದು, ಎಲ್ಲ. ರಾಚವ್ವ ಅಳುತ್ತಲೇ ಅದನ್ನು ಹಿಂದಿಯಲ್ಲಿ ಹೇಳಿದಳು.

ದೀಪಾವಳಿಗೆ ಮುಂಚೆ ಫೋರ್ಟ್ ಪ್ರದೇಶದ ಒಂದು ಹಾಲ್‌ನಲ್ಲಿ ಆಶ್ರಮದ ಸಹಾಯಾರ್ಥ ಕಾರ್ಯಕ್ರಮವಿತ್ತು. ಹುಡುಗಿಯರು ಒಂದು ಭಜನೆ ಹಾಡಿ ಇಳಿಯಬೇಕು, ಅಷ್ಟೇ ಎಂದಿದ್ದರು. ಹಾಡು ಮುಗಿದಾಗ ನೀಲಪ್ರಭಾ ಸೋಮವ್ವನ ಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿಕೊಂಡಳು. ನಟಿ ಆಡಿದ ಹಿಂದಿ ಹುಡುಗಿಗೆ ತಿಳಿಯಲಿಲ್ಲ. ಆದರೆ ನಡುವೆ ತನ್ನ ಊರಿನ ಹೆಸರು ಕೇಳಿಸಿತು. ಆಮೇಲೆ ಅವ್ವನ ಹೆಸರು, ಮಾವನ ಹೆಸರು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಫೋಟೋದವರು ಮುಂದೆ ನುಗ್ಗಿದರು. ಸೋಮವ್ವ ಪರದೆಯ ಪಕ್ಕ ನಿಂತಿದ್ದ ರಾಚವ್ವನನ್ನೇ ನೋಡುತ್ತಿದ್ದಳು.

ಮರುದಿನ ಪೇಪರಿನಲ್ಲಿ ಫೋಟೋ ಬಂತು. ರಾಚವ್ವ ಲೋಕಲ್ ರೈಲು ಹಿಡಿದು ನಟಿಯ ಬಂಗಲೆಗೆ ಹೋದಳು.

"ಆಣೆ ಮಾಡಿದ್ರಲ್ಲ, ಬಾಯಿ?"

"ಹೆಸರು, ಮುಖ ಇಲ್ಲದಿದ್ದರೆ ಯಾರು ಅಳುತ್ತಾರೆ ಮೌಸಿ? ಎಷ್ಟು ಚಂದಾ ಬಂತು ನೋಡಿದೆಯಾ? ಇದೆಲ್ಲ ಆ ಹುಡುಗಿಯರಿಗೇ ತಾನೇ?" ಎಂದು ನಗುತ್ತ, ನೀಲಪ್ರಭಾ ಶೂಟಿಂಗಿಗೆ ಹೊರಟುಹೋದಳು.

ಸೋಮವ್ವನನ್ನು ಊರಿಗೆ ಕಳಿಸುವ ಏರ್ಪಾಡು ಆಗಲೇ ಮುಗಿಯುತ್ತ ಬಂದಿತ್ತು. ಪೇಪರಿನ ಸುದ್ದಿ ಅಲ್ಲಿಗೂ ಮುಟ್ಟಿತು. ಮಗಳು ಬರುವುದು ಬೇಡವೆಂದು ಅವ್ವನೇ ಹೇಳಿ ಕಳಿಸಿದಳು.

"ಆಕಿ ಹಿಂಗ ಮಾಡ್ತಾಳಂತ ನನಗ ಗೊತ್ತಿದ್ದಿಲ್ಲವ್ವ," ಎಂದು ರಾಚವ್ವ ಸೋಮವ್ವನ ಕಾಲು ಹಿಡಿದಳು.

"ನಾ ಆಕಿಗೆ ಹೇಳಿದ್ದಿಲ್ಲ," ಎಂದಳು ಸೋಮವ್ವ. "ನಿನಗ ಹೇಳಿದ್ದೆ."

ಅವಳು ರಾಚವ್ವನ ಜೊತೆ ಕನ್ನಡದಲ್ಲಿ ಆಡಿದ ಕೊನೆಯ ಮಾತು ಅದು. ಬೇಗನೆ ಹಿಂದಿ ಕಲಿತಳು. ರಾಚವ್ವ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು, ಅದೂ ಒಂದೇ ಪದ. ಮುಂದೆ ಹೊಲಿಗೆ ಕಲಿತು ಪರೇಲಿನ ಅಂಗಡಿಯೊಂದಕ್ಕೆ ಸೇರಿದಳು. ಅವಳಿಗೆ ಮದುವೆಯಾದ ಸುದ್ದಿಯನ್ನು ರಾಚವ್ವ ಆಶ್ರಮದ ವಾಚ್‌ಮನ್ ಬಾಯಿಂದ ಕೇಳಿದಳು.