ಮೂವತ್ತಲ್ಲ, ಹನ್ನೊಂದು

ಬೆಳಿಗ್ಗೆ ಶ್ರೀಕಾರ್ಯಂನಲ್ಲಿ ಬಸ್ಸು ಹತ್ತುವ ಮುಂಚೆ ರಸ್ತೆ ಬದಿಯ ಗಣಪತಿ ಗುಡಿಯೆದುರು ಚಪ್ಪಲಿ ಕಳಚಿ ಒಂದು ನಿಮಿಷ ನಿಲ್ಲುವುದನ್ನು ರಾಜೀವಿ ಯಾವತ್ತೂ ತಪ್ಪಿಸಿದವಳಲ್ಲ. ಬಸ್ಸು ತಪ್ಪಿದರೂ ಸರಿಯೇ. ಕಾಸರಗೋಡಿನವಳು, ತಿರುವನಂತಪುರದ ಒಂದು ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ಆರು ವರ್ಷವಾಗಿತ್ತು. ವರ್ಷವರ್ಷ ಕರಾರು ಮುಂದುವರಿಸುವ ಕೆಲಸ. 2007ರ ಆ ಮಾರ್ಚಿನಲ್ಲಿ ಮತ್ತೆ ಸಹಿ ಬೀಳಬೇಕಿತ್ತು.

ಹೊಟ್ಟೆಯ ಕ್ಯಾನ್ಸರಿನಲ್ಲಿ ದೇಹವನ್ನು ಕಾಯುವ ಕೆಲವು ಜೀನುಗಳು ಕೆಡದೆಯೂ ಬಾಯಿ ಮುಚ್ಚಿಕೊಂಡುಬಿಡುತ್ತವೆ. ಅವುಗಳ ಮೇಲೆ ಸಣ್ಣದೊಂದು ರಾಸಾಯನಿಕ ಗುರುತು ಕೂತಿರುತ್ತದೆ. ಅದನ್ನು ಹುಡುಕಲು ಬೈಸಲ್ಫೈಟ್ ಎಂಬ ದ್ರಾವಣ ಹಾಕುತ್ತಾರೆ. ಗುರುತಿಲ್ಲದ ಜಾಗವನ್ನು ಅದು ಬದಲಿಸುತ್ತದೆ, ಗುರುತಿದ್ದದ್ದನ್ನು ಮುಟ್ಟುವುದಿಲ್ಲ. ಈ ದ್ರಾವಣವನ್ನು ಅಂದಂದೇ ಮಾಡಿ, ಉಳಿದದ್ದನ್ನು ಚೆಲ್ಲಬೇಕು. ಹಳತಾದ ದ್ರಾವಣ ಯಾವುದನ್ನೂ ಸರಿಯಾಗಿ ಬದಲಿಸದು. ಆಗ ಎಲ್ಲ ಜೀನುಗಳೂ ಬಾಯಿ ಮುಚ್ಚಿದಂತೆಯೇ ಕಾಣುತ್ತವೆ.

ಚೆಲ್ಲುವುದೇ ರಾಜೀವಿಗೆ ಕಷ್ಟ. ಅನ್ನದ ಅಗುಳೂ ಬಿಡದ ಮನೆಯಲ್ಲಿ ಬೆಳೆದವಳು. ಕೊಚ್ಚಿಯ ಆಸ್ಪತ್ರೆಯಿಂದ ಮೂವತ್ತು ರೋಗಿಗಳ ಮಾದರಿ ತರಲು ಹೊರಡುವ ಮುಂಚೆ ಮಾಡಿದ್ದ ದ್ರಾವಣ ಫ್ರಿಜ್ಜಿನಲ್ಲಿ ಉಳಿದಿತ್ತು. ಮರುದಿನ ಬಂದವಳು ಅದನ್ನೇ ಬಳಸಿದಳು. ಮೂವತ್ತರಲ್ಲೂ ಜೀನು ಬಾಯಿ ಮುಚ್ಚಿದೆ ಎಂದು ತೋರಿಸುವ ಗೆರೆ ಮೂಡಿತು. ವಿಭಾಗದ ಮುಖ್ಯಸ್ಥ ದಿನಕರ, ಅವಳ ಊರಿನ ಕಡೆಯವರೇ, ಖುಷಿಗೆ ಎಲ್ಲರಿಗೂ ಚಹಾ, ಬಾಳೆಹಣ್ಣಿನ ಪಳಂಪೊರಿ ತರಿಸಿದರು.

ಸಂಜೆ ಆ ಗೆರೆಗಳ ಫೋಟೋ ನೋಡುವಾಗ ಕೊನೆಯ ಸಾಲಿನಲ್ಲೂ ಗೆರೆ ಕಂಡಿತು. ಅದು ಹೋಲಿಕೆಗೆಂದು ಇಟ್ಟ ಆರೋಗ್ಯವಂತನೊಬ್ಬನ ರಕ್ತ. ಅಲ್ಲಿ ಗೆರೆ ಇರಲೇಬಾರದು. ರಾಜೀವಿಗೆ ತನ್ನ ತಪ್ಪು ಹೊಳೆಯಿತು. ಯಾರನ್ನೂ ಕೇಳದೆ ಹೊಸ ದ್ರಾವಣ ಮಾಡಿ, ಎರಡು ದಿನ ಕೂತು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಈ ಸಲ ಗೆರೆ ಬಂದದ್ದು ಹನ್ನೊಂದರಲ್ಲಿ.

“ಎಂತ ಮಾರಾಯ್ತಿ,” ಎಂದರು ದಿನಕರ. “ನಾಳೆ ಎರ್ನಾಕುಲಂನ ಸಮ್ಮೇಳನದಲ್ಲಿ ಮೂವತ್ತು ಅಂತ ಹೇಳ್ಲಿಕ್ಕುಂಟು ನನಗೆ. ಇವತ್ತು ಬಂದು ಹನ್ನೊಂದು ಅಂತೀಯಲ್ಲ?”

“ಹನ್ನೊಂದೇ ಸಾರ್. ಮೊನ್ನೆಯದು ನನ್ನ ತಪ್ಪು, ಹಳೇ ದ್ರಾವಣ ಹಾಕಿದ್ದೆ. ಮೂವತ್ತು ಅಂತ ಹೇಳಿದ್ರೆ ನಾನು ಅಲ್ಲಿಗೇ ಬಂದು ಎದ್ದು ನಿಲ್ತೇನೆ.”

“ನಿಂತು ಮಲಯಾಳದಲ್ಲಿ ಹೇಳ್ತೀಯಾ, ಇಂಗ್ಲಿಷಿನಲ್ಲಾ?”

“ಯಾವುದರಲ್ಲಿ ಹೇಳಿದ್ರೂ ಹತ್ತೊಂಬತ್ತು ಮಂದಿಯ ಬಗ್ಗೆ ಸುಳ್ಳು ಹೇಳಿದ ಹಾಗೇ ಅಲ್ವಾ ಸಾರ್.”

ದಿನಕರ ಎರಡೂ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಆಯ್ತು, ಹನ್ನೊಂದೇ ಹೇಳ್ತೇನೆ. ಆದ್ರೆ ರಿಜಿಸ್ಟರಿನಲ್ಲಿ ಕಂಪೆನಿಯಿಂದ ಬಂದ ಬಾಟ್ಲಿಯೇ ಹಾಳಾಗಿತ್ತು ಅಂತ ಬರಿ. ನಿನ್ನ ಕರಾರಿನ ಕಾಗದ ಮೇಲೆ ಹೋಗುದುಂಟು, ಡೈರೆಕ್ಟರು ಅದನ್ನೆಲ್ಲ ನೋಡ್ತಾರೆ. ನಾನೂ ಸಹಿ ಹಾಕ್ತೇನೆ, ಯಾರಿಗೂ ಗೊತ್ತಾಗುದಿಲ್ಲ.”

ರಾಜೀವಿ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು.

“ಬೇಡ ಸಾರ್. ಬಾಟ್ಲಿ ಸರಿಯಾಗೇ ಇತ್ತು. ಹಳೇದನ್ನು ಹಾಕಿದ್ದು ನಾನು. ಹಾಗೇ ಬರೀತೇನೆ.”