ಟ್ಯೂಲಿಪ್ ಗಡ್ಡೆಗಳೂ ನನ್ನ ಸಿಟ್ಟೂ

ಮೊನ್ನೆ ಲಾಸ್ ಏಂಜಲೀಸ್ ಬಳಿಯ ಸ್ಯಾಂಟಾ ಕ್ಲಾರಿಟಾದ ನಮ್ಮ ಮನೆಯಲ್ಲಿ ಫ್ರಿಜ್ಜಿನ ತರಕಾರಿ ಡ್ರಾಯರ್ ಎಳೆದೆ. ಮೆತ್ತಗಾದ ಸೇಬಿನ ವಾಸನೆ ಮುಖಕ್ಕೆ ಬಡಿಯಿತು. ಕೈಯಲ್ಲಿ ಆಗಷ್ಟೇ ಅಂಗಡಿಯಿಂದ ತಂದ ಟ್ಯೂಲಿಪ್ ಗಡ್ಡೆಗಳ ಪೊಟ್ಟಣವಿತ್ತು. ಒಳಗಿಡುವ ಮುನ್ನ ಅದರ ಹಿಂದೆ ಅಚ್ಚಾಗಿದ್ದ ಸೂಚನೆ ಓದಿದೆ. ಗಡ್ಡೆಗಳನ್ನು ಸೇಬಿನ ಜೊತೆ ಇಡಬಾರದಂತೆ. ಹಣ್ಣಿನಿಂದ ಹೊರಡುವ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಸಾಯಿಸುತ್ತದಂತೆ. ನಿಂತಲ್ಲೇ ನನಗೆ ಮೈ ಉರಿಯಿತು. ಇಷ್ಟು ವರ್ಷ ನಾನು ಸಿಟ್ಟು ಇಟ್ಟುಕೊಂಡಿದ್ದು ಏನೂ ತಪ್ಪು ಮಾಡದವಳ ಮೇಲೆ.

ನನ್ನ ಸಿಟ್ಟಿನ ವಿಷಯ ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಎಲೆ ಊದುವ ಯಂತ್ರ ಹಿಡಿದು ನನ್ನ ಅಂಗಳದ ಧೂಳನ್ನು ಪಕ್ಕದ ಮನೆಗೂ, ಅವರದನ್ನು ನನ್ನ ಮನೆಗೂ ಸಾಗಿಸುವವರ ಮೇಲೆ ನನಗೆ ಸಿಟ್ಟು. ಈ ಊರಿನ ಅಕ್ಟೋಬರ್ ಮೇಲೂ ಸಿಟ್ಟು. ಅಂಗಡಿಯ ಕಿಟಕಿಯಲ್ಲಿ ಉಣ್ಣೆಯ ಕೋಟು, ಹೊರಗೆ ಒಲೆಯ ಮುಂದೆ ಕೂತಂಥ ಬಿಸಿಗಾಳಿ. ಇಂಥಲ್ಲಿ ಟ್ಯೂಲಿಪ್ ಅರಳಬೇಕಾದರೆ ಅದಕ್ಕೆ ಮೋಸ ಮಾಡಬೇಕು. ಆರೆಂಟು ವಾರ ಫ್ರಿಜ್ಜಿನಲ್ಲಿಟ್ಟು, ಚಳಿಗಾಲ ಬಂತೆಂದು ನಂಬಿಸಿ, ಆಮೇಲೆ ಮಣ್ಣಿಗೆ ಹಾಕಬೇಕು.

ಇದನ್ನು ನಮಗೆ ಹೇಳಿಕೊಟ್ಟದ್ದು ರೂತ್. ೨೦೦೯ರಲ್ಲಿ ಲಾಸ್ ಏಂಜಲೀಸಿನಲ್ಲಿ ಎಂ.ಎಸ್. ಓದುತ್ತಿದ್ದಾಗ ಅವರ ಮನೆಯ ಮಹಡಿಯಲ್ಲಿ ನಾನೂ ವಿಜಾಪುರದ ಮಹಾದೇವಿಯೂ ಬಾಡಿಗೆಗಿದ್ದೆವು. ಮಹಾದೇವಿ ಡಿಗ್ರಿಯವರೆಗೂ ಕನ್ನಡದಲ್ಲೇ ಯೋಚಿಸಿದವಳು. ಲೆಕ್ಕದಲ್ಲಿ ನನ್ನನ್ನು ಹತ್ತು ಸಲ ಮಾರಿ ಹತ್ತು ಸಲ ಕೊಳ್ಳಬಲ್ಲವಳು, ಆದರೆ ಇಂಗ್ಲಿಷಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ನಾನೋ ಬೆಂಗಳೂರಿನವಳು, ಇಂಗ್ಲಿಷ್ ನನ್ನ ಅಪ್ಪನ ಆಸ್ತಿ ಎಂಬಂತೆ ಮಾತಾಡುತ್ತಿದ್ದೆ.

ಆ ವರ್ಷ ರೂತ್‌ಗೆ ಮೊಣಕಾಲಿನ ಆಪರೇಷನ್. ಅವರು ಹಿಮ ಬೀಳುವ ಊರಿನಲ್ಲಿ ಬೆಳೆದವರು. ಮೆಟ್ಟಿಲ ಪಕ್ಕದ ಒಂದು ಸಾಲು ಕೆಂಪು ಟ್ಯೂಲಿಪ್ಪೇ ಅವರಿಗೆ ವಸಂತ. ಗಡ್ಡೆಗಳ ಚೀಲವನ್ನು ನಮ್ಮ ಕೈಗಿಟ್ಟು ಬಾಗಿಲಲ್ಲೇ ನಿಂತು ಉದ್ದಕ್ಕೆ ಏನೇನೋ ಹೇಳಿದರು. ನನಗೆ ಕ್ಲಾಸಿಗೆ ಹೊತ್ತಾಗಿತ್ತು. ಎಲ್ಲಕ್ಕೂ ತಲೆಯಾಡಿಸಿ, ಚೀಲವನ್ನು ತಂದು ಡ್ರಾಯರಿಗೆ ತುರುಕಿದೆ.

ಆ ಡ್ರಾಯರಿನ ಕಥೆಯನ್ನೂ ಹೇಳಬೇಕು. ಬಿಟ್ಟಿ ಊಟದ ಆಸೆಗೆ ನಾನು ಶನಿವಾರ ಬಂತೆಂದರೆ ವಾಲ್‌ನಟ್ ಎಂಬ ಊರಿನಲ್ಲೋ ಇನ್ನೆಲ್ಲೋ ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಗೆ ಹಾಜರಾಗುತ್ತಿದ್ದೆ. ಮಹಾದೇವಿಗೆ ಶನಿವಾರ ಲೈಬ್ರರಿಯಲ್ಲಿ ಕೆಲಸ. ಹೊರಡುವಾಗ ಆಂಟಿಯರು ತಾಂಬೂಲದ ಜೊತೆ ಒಂದು ಸೇಬು ಕೊಡುತ್ತಿದ್ದರು. ಹಿಟ್ಟು ಹಿಟ್ಟಾದ ಆ ಸೇಬನ್ನು ತಿನ್ನಲಾಗದು, ದೇವರ ಪ್ರಸಾದ, ಎಸೆಯಲೂ ಆಗದು. ಎಲ್ಲವೂ ಡ್ರಾಯರಿಗೇ ಹೋಗುತ್ತಿದ್ದವು.

ಡಿಸೆಂಬರ್ ಮೊದಲ ವಾರದಲ್ಲಿ ನೆಡಬೇಕೆಂದು ನಾನು ಹಟ ಹಿಡಿದೆ. ಮಹಾದೇವಿ ಮೆಟ್ಟಿಲ ಬಳಿ ಕೂತು ಬೆರಳನ್ನು ಮಣ್ಣಿಗೆ ಚುಚ್ಚಿ, "ಮಣ್ಣು ಇನ್ನಾ ಬೆಚ್ಚಗ ಐತಿ. ತಡಿ, ಅವಸರ ಮಾಡಬ್ಯಾಡ" ಎಂದಳು. ನನಗೆ ಪರೀಕ್ಷೆ ಬಂತು, ಕೆಲಸ ಅವಳ ಪಾಲಿಗೆ ಬಿತ್ತು. ಅವಳು ನೆಟ್ಟದ್ದು ಹೊಸ ವರ್ಷ ಕಳೆದ ಮೇಲೆ.

ಮಾರ್ಚಿನಲ್ಲಿ ಎಲೆಗಳು ಬಂದವು, ಹೂವಿಲ್ಲ. ರೂತ್ ದಿನಾ ಬೆಳಿಗ್ಗೆ ವಾಕರ್ ಹಿಡಿದುಕೊಂಡು ಬಂದು ಆ ಬರೀ ಎಲೆಗಳನ್ನು ನೋಡಿ ಒಳಗೆ ಹೋಗುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಅವರೆದುರೇ ಮಹಾದೇವಿಯನ್ನು ಬೈದೆ. ಸೋಮಾರಿ ಎಂದೆ. ಒಪ್ಪಿಕೊಂಡ ಒಂದು ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡುವುದಿಲ್ಲ ಎಂದೆ. ಅದುವರೆಗೆ ನಾವಿಬ್ಬರೂ ಒಂದು ಮಾತನ್ನೂ ಇಂಗ್ಲಿಷಿನಲ್ಲಿ ಆಡಿಕೊಂಡವರಲ್ಲ. ಅಂದು ಪೂರ್ತಿ ಇಂಗ್ಲಿಷಿನಲ್ಲಿ ಬೈದೆ, ರೂತ್‌ಗೆ ತಿಳಿಯಲಿ ಎಂದೇ. ಮಹಾದೇವಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಮುಂದಿನ ತಿಂಗಳು ಬೇರೆ ಕೋಣೆ ಹುಡುಕಿಕೊಂಡು ಹೋದಳು. ಹೋದರೆ ಹೋಗಲಿ ಎಂದುಕೊಂಡೆ.

ಈಗ ಅವಳು ಸ್ಯಾನ್ ಡಿಯಾಗೋದಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಇಷ್ಟು ವರ್ಷಗಳಲ್ಲಿ ನಮ್ಮ ನಡುವೆ ಉಳಿದಿದ್ದು ಯುಗಾದಿಗೊಂದು, ದೀಪಾವಳಿಗೊಂದು ಮೆಸೇಜ್. ಪೊಟ್ಟಣ ಹಿಡಿದುಕೊಂಡೇ ಫೋನ್ ಮಾಡಿದೆ. ಪೀಠಿಕೆ ಹಾಕಲಿಲ್ಲ. "ಮಹಾದೇವಿ, ಅವತ್ತು ಗಡ್ಡೆ ಹಾಳು ಮಾಡಿದ್ದು ನನ್ನ ಸೇಬು ಕಣೇ" ಎಂದೆ.

"ಗೊತ್ತೈತಿ" ಎಂದಳು.

"ಗೊತ್ತಾ? ಯಾವಾಗಿಂದ?"

"ಗಡ್ಡಿ ಮಣ್ಣಿಗೆ ಹಚ್ಚಾಕ ಅಂತ ಡ್ರಾಯರ್ ತಗದಾಗ ಅವು ಸೇಬಿನ ಅಡಿಗೆ ಬಿದ್ದಿದ್ದು ನೋಡಿದೆ. ಆಪಲ್ ಬ್ಯಾಡ ಅಂತ ರೂತ್ ಹೇಳಿದ್ದು ನಂಗ ತಿಳದಿತ್ತು. ನೀ ಬರೇ ತಲಿ ಅಲ್ಲಾಡಿಸಿದ್ದಿ. ಬಂದ್ರ ಬರಲಿ ಅಂತ ಹಚ್ಚಿದೆ."

ನನಗೆ ಮತ್ತೆ ಸಿಟ್ಟು ಬಂತು, ನಿಮ್ಮಾಣೆ. "ಮತ್ತೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ? ನಾನು ಅಷ್ಟು ಕೂಗಾಡ್ತಿದ್ದೆ!"

"ನೀ ಇಂಗ್ಲಿಷ್‌ನ್ಯಾಗ ಬೈದಿ. ಇಂಗ್ಲಿಷ್‌ನ್ಯಾಗ ಜಗಳ ಮಾಡೂದು ನಂಗ ಆವಾಗ ಬರ್ತಿರಲಿಲ್ಲವಾ."

ತಪ್ಪಾಯಿತು ಎಂದೆ, ಕನ್ನಡದಲ್ಲಿ. ಅವಳು ಆಗಲಿ ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. "ಈ ಸಲನೂ ಮಣ್ಣು ತಣ್ಣಗಾಗೂ ತನಕ ತಡಿ" ಎಂದು ಫೋನ್ ಇಟ್ಟಳು.

ಡ್ರಾಯರಿನಲ್ಲಿದ್ದ ಸೇಬುಗಳನ್ನೆಲ್ಲ ತೆಗೆದೆ. ಒಂದೊಂದರ ಮೇಲೂ ಕುಂಕುಮ ಮೆತ್ತಿತ್ತು. ದೇವರು ಏನಾದರೂ ಅಂದುಕೊಳ್ಳಲಿ ಎಂದು ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿದೆ. ಡ್ರಾಯರ್ ತೊಳೆದು, ಒರೆಸಿ, ಗಡ್ಡೆಗಳನ್ನು ಇಟ್ಟೆ. ಅರ್ಧ ನನಗೆ. ಇನ್ನರ್ಧದ ಚೀಲದ ಮೇಲೆ ಮಹಾದೇವಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಜನವರಿಯಲ್ಲಿ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿಕೊಂಡು ಹೋಗಿ, ಅವಳ ಬಾಗಿಲಲ್ಲಿ ನಿಂತು, ಅವಳು ಬೈಯುವಷ್ಟನ್ನೂ ಬೈಸಿಕೊಂಡು ಬರಬೇಕು.