ಕಾವೇರಿ ಸೇತುವೆಯ ಇಬ್ಬರು ಪೊಲೀಸರು

ನಾನು ಮಡಿಕೇರಿಗೆ ಹೊರಟಿದ್ದ ಬಸ್ಸು ಬೈಲಕುಪ್ಪೆಯ ಹತ್ತಿರ ಬಂದಾಗ, ನಮ್ಮ ಕಣ್ಣೆದುರೇ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬನ ಕಾರು ಒಂದು ಗಾಡಿಯ ಎತ್ತಿಗೆ ಗುದ್ದಿ, ನಿಲ್ಲದೆ ಕೊಡಗಿನ ಕಡೆ ಓಡಿತು. ಆ ಗಾಡಿಯಲ್ಲಿ ಒಬ್ಬಳೇ ಹುಲ್ಲು ಹೇರಿಕೊಂಡು ಬರುತ್ತಿದ್ದ ಕೆಂಪಮ್ಮ ನಮ್ಮ ಬಸ್ಸಿಗೆ ಅಡ್ಡ ನಿಂತಳು.

"ಅವನ್ನ ಇಡೀರಿ ಸಾಬ್ರೇ!"

ಡ್ರೈವರ್ ಹುಸೇನ್ ಸಾಬರು ಅವಳನ್ನು ಹತ್ತಿಸಿಕೊಂಡು ಬಸ್ಸನ್ನು ಜೋರಾಗಿ ಬಿಟ್ಟರು. ಕಾವೇರಿ ಸೇತುವೆ ಕಾಣುವಷ್ಟರಲ್ಲಿ ಕಾರು ನಿಧಾನವಾಗಿ ಆಚೆ ದಡ ಸೇರುತ್ತಿತ್ತು. ಈಚೆ ದಡದಲ್ಲಿ ಮೈಸೂರು ಸಂಸ್ಥಾನದ ಪೊಲೀಸ್ ದಫೇದಾರ ನಮಗೆ ಕೈ ಅಡ್ಡ ಹಿಡಿದ.

"ಏನ್ರೀ ಸಾಬರೇ, ಇಷ್ಟು ಸ್ಪೀಡಾ? ಕೇಸು ಹಾಕ್ತೀನಿ."

"ಎತ್ತಿಗೆ ಗುದ್ದಿದ ಕಾರು ಈಗ ತಾನೇ ಹೋಯ್ತಲ್ಲ ಸ್ವಾಮಿ?"

"ಅದು ಹೊಳೆ ದಾಟಾಯ್ತು. ಆಚೆ ಇಂಗ್ಲಿಷರ ಸರ್ಕಾರ. ನಮ್ಮ ಕಾನೂನು ಅಲ್ಲಿ ನಡೆಯಲ್ಲ."

ಸಾಬರ ಮೇಲೆ ಕೇಸು ಹಾಕಿಯೇ ನಮ್ಮನ್ನು ಬಿಟ್ಟ. ಸೇತುವೆಯಾಚೆ ಕೊಡಗಿನ ಪೊಲೀಸಿನವನು ಕೆಂಪಮ್ಮನ ಮಾತನ್ನು ಪೂರ್ತಿ ಕೇಳಿದ.

"ನಮ್ಮ ರಸ್ತೇಲಿ ದೊರೆ ಮೆಲ್ಲಗೇ ಹೋದ್ರಮ್ಮ. ಇಲ್ಲಿ ಜೋರಾಗಿ ಹೋಗಿದ್ರೆ ನಾನೇ ನಿಲ್ಲಿಸ್ತಿದ್ದೆ. ಮೈಸೂರು ಸೀಮೇಲಿ ಆಗಿದ್ದಕ್ಕೆ ನಾನೇನು ಮಾಡ್ಲಿ?"

ಅವನು ಹೇಳಿದ್ದು ಸುಳ್ಳಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು.

ಅರ್ಜಿ ಕೊಡೋಣ, ನಾವೆಲ್ಲ ಸಾಕ್ಷಿ ಹೇಳ್ತೀವಿ ಎಂದರು ಸಾಬರು. ಕೆಂಪಮ್ಮ ಆಗಲೇ ಬೈಲಕುಪ್ಪೆಯ ದಾರಿಗೆ ತಿರುಗಿದ್ದಳು.

"ಎತ್ತಿಗಿನ್ನೂ ಉಸ್ರಿತ್ತು ಕಣಣ್ಣ," ಎಂದಳು. "ನೀರು ಕುಡಿಸ್ಬೇಕು."